ಕಾಗೆಬಂಗಾರಕ್ಕೆ ಡಿಎನ್‌ಎ ಅಂಟುವುದು ಹೇಗೆ?

ಡಿಎನ್‌ಎ ಎಳೆಯನ್ನು ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಮೊದಲು ಅದನ್ನು ಅಭ್ರಕದ, ಅಂದರೆ ಕಾಗೆಬಂಗಾರದ, ಹಾಳೆಯ ಮೇಲೆ ಹರಡುತ್ತಾರೆ. ಆಗಷ್ಟೇ ಪದರ ಕಿತ್ತ ಕಾಗೆಬಂಗಾರ ಪರಮಾಣುಗಳ ಮಟ್ಟದಲ್ಲೂ ಸಪಾಟು. ಆದರೆ ನೀರಿನಲ್ಲಿ ಅದರ ಮೇಲ್ಮೈಗೆ ಋಣಾವೇಶ; ಡಿಎನ್‌ಎಗೂ ಋಣಾವೇಶವೇ. ಸಜಾತೀಯ ಆವೇಶಗಳು ಪರಸ್ಪರ ವಿಕರ್ಷಿಸುತ್ತವೆ ಎಂದು ಶಾಲೆಯಲ್ಲೇ ಕಲಿತಿದ್ದೇವೆ. ಸೋಡಿಯಂ ಲವಣ ಮಾತ್ರ ಇದ್ದರೆ ಡಿಎನ್‌ಎ ಅಂಟುವುದೂ ಇಲ್ಲ. ಮೆಗ್ನೀಸಿಯಂ ಅಥವಾ ನಿಕ್ಕಲ್ ಲವಣವನ್ನು ತುಸುವೇ ಬೆರೆಸಿ, ಅಂಟುತ್ತದೆ.

ಇದು ಪ್ರಯೋಗಾಲಯಕ್ಕೆ ಸೀಮಿತವಾದ ಸಂಗತಿಯಲ್ಲ. ಕಾಂಕ್ರೀಟನ್ನು ಕಡಿಮೆ ನೀರಿನಲ್ಲೇ ಸಲೀಸಾಗಿ ಹರಿಯುವಂತೆ ಮಾಡುವ ಋಣಾವೇಶದ ಪಾಲಿಮರ್‌ಗಳು ಸಿಮೆಂಟಿನ ಋಣಾವೇಶದ ಕಣಗಳಿಗೂ ಅಂಟುತ್ತವೆ. ಅಲ್ಲಿ ನಡುವೆ ನಿಲ್ಲುವುದು ಕ್ಯಾಲ್ಸಿಯಂ.

ಎಳೆಯ ಸುತ್ತ ಅಯಾನುಗಳು

ಡಿಎನ್‌ಎಯ ಉದ್ದಕ್ಕೂ ಪ್ರತಿ 0.34 ನ್ಯಾನೋಮೀಟರಿಗೆ ಎರಡು ಋಣಾವೇಶಗಳಿವೆ. ನೀರಿನಲ್ಲಿ ಎರಡು ಏಕಮಾನ ಆವೇಶಗಳ ನಡುವಿನ ಶಕ್ತಿ ಉಷ್ಣಶಕ್ತಿಗೆ ಸಮವಾಗುವ ದೂರ ಸುಮಾರು 0.7 ನ್ಯಾನೋಮೀಟರ್, ಇದಕ್ಕೆ ಬ್ಯೆರುಮ್ ಉದ್ದ ಎಂದು ಹೆಸರು. ಆವೇಶಗಳು ಇದಕ್ಕಿಂತ ಒತ್ತಾಗಿದ್ದರೆ ದ್ರಾವಣದ ಧನ ಅಯಾನುಗಳು ಎಳೆಯ ಸುತ್ತ ಸಾಂದ್ರಗೊಳ್ಳುತ್ತವೆ ಎಂದು 1969ರಲ್ಲಿ ಜೆರಾಲ್ಡ್ ಮ್ಯಾನಿಂಗ್ ತೋರಿಸಿದರು. ಅವರ ಲೆಕ್ಕದಂತೆ ಸೋಡಿಯಂ ಡಿಎನ್‌ಎಯ ಆವೇಶದ ಶೇ. 76ರಷ್ಟನ್ನು ಮರೆಮಾಡಿದರೆ, ಮೆಗ್ನೀಸಿಯಂನಂಥ ದ್ವಿವೇಲೆನ್ಸಿ ಅಯಾನು ಶೇ. 88ರಷ್ಟನ್ನು ಮರೆಮಾಡುತ್ತದೆ.

ವಿಕರ್ಷಣೆ ಕುಗ್ಗಿತು, ಸರಿ. ಆಕರ್ಷಣೆ ಎಲ್ಲಿಂದ ಬಂತು?

ಸರಾಸರಿ ಸಾಲದು

ಹಳೆಯ ಪಾಯ್ಸಾನ್–ಬೋಲ್ಟ್ಸ್‌ಮನ್ ಸಿದ್ಧಾಂತ ಅಯಾನುಗಳನ್ನು ಬಿಡಿಬಿಡಿಯಾಗಿ ಎಣಿಸದೆ, ನುಣ್ಣಗೆ ಹರಡಿದ ಆವೇಶವೆಂದು ಭಾವಿಸುತ್ತದೆ. ಅದರ ಪ್ರಕಾರ ಒಂದೇ ತೆರನ ಎರಡು ಋಣಾವೇಶದ ಮೇಲ್ಮೈಗಳು ಎಂದಿಗೂ ಪರಸ್ಪರ ಸೆಳೆಯಲಾರವು. 1984ರಲ್ಲಿ ಸ್ವೀಡನ್ನಿನ ಸಂಶೋಧಕರು ಬಿಡಿ ಅಯಾನುಗಳನ್ನೇ ಇಟ್ಟು ಮಾಂಟೆ ಕಾರ್ಲೋ (ಯಾದೃಚ್ಛಿಕ ಹೆಜ್ಜೆಗಳ) ಗಣನೆ ಮಾಡಿದಾಗ, ದ್ವಿವೇಲೆನ್ಸಿ ಅಯಾನುಗಳು ನಡುವೆ ಇದ್ದಾಗ ಅಂಥ ಮೇಲ್ಮೈಗಳು ಪರಸ್ಪರ ಸೆಳೆದವು. ಒಂದು ಅಯಾನು ನಿಂತ ಕಡೆ ಇನ್ನೊಂದು ಸುಳಿಯುವುದಿಲ್ಲ; ಎದುರುಬದುರಿನ ಅಯಾನುಗಳು ಒಂದರ ತೆರಪಿಗೆ ಇನ್ನೊಂದು ಹೊಂದಿಕೊಳ್ಳುತ್ತವೆ. ಸರಾಸರಿ ತೆಗೆದ ಕ್ಷಣದಲ್ಲೇ ಈ ಹೊಂದಾಣಿಕೆ ಅಳಿಸಿಹೋಗುತ್ತದೆ. ಈ ವಿಷಯದ ತಿರುಳು ಇಲ್ಲಿದೆ ಎಂದೇ ನನ್ನ ಎಣಿಕೆ: ಸೂಕ್ಷ್ಮ ಲೆಕ್ಕ ಉತ್ತರವನ್ನು ತಿದ್ದಲಿಲ್ಲ, ಬಲದ ದಿಕ್ಕನ್ನೇ ತಿರುಗಿಸಿತು.

ಗಣಕದಲ್ಲಿ ಕಟ್ಟುವ ಬಗೆ

ಸರಳ ಮಾದರಿಯಲ್ಲಿ ಪಾಲಿಮರ್ ಎಂದರೆ ಸ್ಪ್ರಿಂಗ್‌ಗಳಿಂದ ಕಟ್ಟಿದ ಆವೇಶಭರಿತ ಮಣಿಗಳ ಸರ. ಅಯಾನುಗಳು ಗಟ್ಟಿ ಗೋಲಿಗಳು. ಮೇಲ್ಮೈ ಒಂದು ಋಣಾವೇಶದ ಗೋಡೆ. ನೀರಿನ ಅಣುಗಳನ್ನು ಬಿಟ್ಟು, ಸುಮಾರು 78ರ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಪ್ರತಿ ಹೆಜ್ಜೆಗೂ ಒಂದು ಕಣವನ್ನು ಕದಲಿಸಿ ನೋಡುತ್ತಾರೆ. ಶಕ್ತಿ ಇಳಿದರೆ ಒಪ್ಪಿಗೆ. ಏರಿದರೆ, ಏರಿಕೆಗೆ ತಕ್ಕಂತೆ ಕುಗ್ಗುವ ಸಂಭವನೀಯತೆಯಲ್ಲಿ ಒಪ್ಪಿಗೆ. 1953ರ ಮೆಟ್ರೋಪೊಲಿಸ್ ವಿಧಾನವಿದು. ಆವೇಶಗಳ ಬಲ ದೂರದವರೆಗೂ ಚಾಚುವುದರಿಂದ ಅದನ್ನು ಕೂಡಲು ಎವಾಲ್ಡ್ ಸಂಕಲನವೆಂಬ ಗಣಿತದ ಉಪಾಯ ಬೇಕು. ಕೊನೆಗೆ ಗೋಡೆಯಿಂದ ಎಷ್ಟು ದೂರದಲ್ಲಿ ಎಷ್ಟು ಮಣಿಗಳಿವೆ ಎಂಬುದರ ನಕ್ಷೆ ಸಿಗುತ್ತದೆ. ಗೋಡೆಯ ಬಳಿ ಅದು ಶಿಖರವಾಗಿ ಎದ್ದರೆ ಎಳೆ ಅಂಟಿದೆ ಎಂದರ್ಥ.

ಈ ಗಣನೆಯಲ್ಲಿ ಸೋಡಿಯಂ ಹೆಚ್ಚಿಸಿದರೆ ಅದು ಮೆಗ್ನೀಸಿಯಂ ಜೊತೆ ಜಾಗಕ್ಕೆ ಪೈಪೋಟಿ ನಡೆಸುತ್ತದೆ, ಹಿಡಿತ ಸಡಿಲವಾಗುತ್ತದೆ. ಕಾಗೆಬಂಗಾರದ ಪ್ರಯೋಗಗಳಲ್ಲೂ ಹೀಗೆಯೇ.

ಮಾದರಿ ಸೋಲುವ ಕಡೆ

ಗೋಲಿಗಳ ಮಾದರಿಗೆ ಮೆಗ್ನೀಸಿಯಂ ಮತ್ತು ನಿಕ್ಕಲ್ ಹೆಚ್ಚುಕಡಿಮೆ ಒಂದೇ: ಆವೇಶ ಸಮ, ಗಾತ್ರದಲ್ಲೂ ಅಂಥ ಅಂತರವಿಲ್ಲ. ಪ್ರಯೋಗದಲ್ಲಿ ಮಾತ್ರ ನಿಕ್ಕಲ್ ಡಿಎನ್‌ಎಯನ್ನು ಬಿಗಿಯಾಗಿ ಹಿಡಿಯುತ್ತದೆ, ಮೆಗ್ನೀಸಿಯಂ ಸಡಿಲವಾಗಿ. ಈ ವ್ಯತ್ಯಾಸ ಹಿಡಿಯಬೇಕಾದರೆ ಅಯಾನು ತನ್ನ ಸುತ್ತ ಕಟ್ಟಿಕೊಂಡ ನೀರಿನ ಕವಚವನ್ನೂ ರಾಸಾಯನಿಕ ಬಂಧಗಳನ್ನೂ ಲೆಕ್ಕಕ್ಕೆ ತರಬೇಕು. ಪ್ರತಿ ಪರಮಾಣುವನ್ನೂ ಇಡುವ ಅಣುಚಲನೆಯ ಗಣನೆಗಳು ಆ ಕೆಲಸಕ್ಕೆ ಕೈಹಾಕುತ್ತವೆ, ಆದರೆ ಅವು ನಿಭಾಯಿಸುವುದು ತುಂಡು ಡಿಎನ್‌ಎಯನ್ನು, ಅದೂ ಅತ್ಯಲ್ಪ ಕಾಲ. ಉದ್ದನೆಯ ಎಳೆ ಮೇಲ್ಮೈಯಲ್ಲಿ ಹರಡಿಕೊಳ್ಳುವ ಬಗೆ ತಿಳಿಯಲು ಇಂದಿಗೂ ಮಣಿಸರವೇ ಗತಿ.