ಮೂತ್ರಪಿಂಡಗಳು

ರಕ್ತವನ್ನು ಸೋಸಿ, ದೇಹಕ್ಕೆ ಬೇಡವಾದುದನ್ನು ಮೂತ್ರವಾಗಿ ಹೊರಹಾಕುವ ಜೋಡಿ ಅಂಗಗಳು. ಆಡುಮಾತಿನಲ್ಲಿ ಕಿಡ್ನಿ, ಶಾಲಾ ಪಠ್ಯಗಳಲ್ಲಿ ಮೂತ್ರಜನಕಾಂಗ ಎಂಬ ಹೆಸರೂ ಉಂಟು. ಎರಡು ಮೂತ್ರಪಿಂಡ, ಎರಡು ಮೂತ್ರನಾಳ, ಮೂತ್ರಕೋಶ ಮತ್ತು ಮೂತ್ರದ್ವಾರನಾಳ ಸೇರಿ ಮೂತ್ರಾಂಗ ವ್ಯೂಹವಾಗುತ್ತದೆ. ಇಂಗಾಲದ ಡೈಆಕ್ಸೈಡನ್ನು ಹೊರಬಿಡುವ ಶ್ವಾಸಕೋಶ ಮತ್ತು ಬೆವರಿನ ಮೂಲಕ ಸ್ವಲ್ಪ ಲವಣ ಕಳೆಯುವ ಚರ್ಮ ಕೂಡ ವಿಸರ್ಜನೆಯಲ್ಲಿ ಪಾಲುದಾರರು.

ರಚನೆ: ಹುರುಳಿಕಾಯಿ ಬೀಜದ ಆಕಾರದ ಈ ಅಂಗಗಳು ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನೆಲುಬಿನ ಎರಡೂ ಪಕ್ಕದಲ್ಲಿವೆ. ಉದ್ದ ಸುಮಾರು 11 ಸೆಂ.ಮೀ., ತೂಕ ಸುಮಾರು 150 ಗ್ರಾಂ. ಮೇಲೆ ಯಕೃತ್ತು ಇರುವುದರಿಂದ ಬಲಗಡೆಯದು ತುಸು ಕೆಳಗಿರುತ್ತದೆ. ಹೊರಪದರ ತೊಗಟೆ, ಒಳಪದರ ತಿರುಳು. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಎಂದರೆ ಗ್ಲೊಮೆರುಲಸ್ ಎಂಬ ಲೋಮನಾಳಗಳ ಉಂಡೆ, ಅದನ್ನು ಬಟ್ಟಲಿನಂತೆ ಸುತ್ತಿದ ಬೌಮನ್ ಕೋಶ ಮತ್ತು ಅದರಿಂದ ಹೊರಟ ಅಂಕುಡೊಂಕು ನಳಿಕೆ.

ಕಾರ್ಯವಿಧಾನ: ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಮೂತ್ರಪಿಂಡಗಳಿಗೆ ಹರಿಯುತ್ತದೆ. ಗ್ಲೊಮೆರುಲಸ್‌ನಲ್ಲಿ ರಕ್ತಕಣ ಮತ್ತು ದೊಡ್ಡ ಪ್ರೋಟೀನುಗಳು ರಕ್ತದಲ್ಲೇ ಉಳಿದು, ನೀರು, ಗ್ಲೂಕೋಸ್, ಲವಣ, ಯೂರಿಯಾ ಸೋಸಿ ಬರುತ್ತವೆ. ಹೀಗೆ ದಿನಕ್ಕೆ ಸೋಸಿ ಬರುವ ದ್ರವ ಸುಮಾರು 180 ಲೀಟರ್. ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್ ಮಾತ್ರ. ಉಳಿದುದನ್ನೆಲ್ಲ ನಳಿಕೆಗಳು ಮರಳಿ ರಕ್ತಕ್ಕೆ ಸೇರಿಸುತ್ತವೆ. ಆರೋಗ್ಯವಂತರಲ್ಲಿ ಗ್ಲೂಕೋಸ್ ಹೆಚ್ಚುಕಡಿಮೆ ಪೂರ್ತಿ ಹಿಂದಿರುಗುತ್ತದೆ. ಆದ್ದರಿಂದ ಕಸ ಹೊರಹಾಕುವುದಕ್ಕಿಂತ ಬೇಕಾದುದನ್ನು ಉಳಿಸಿಕೊಳ್ಳುವುದೇ ಮೂತ್ರಪಿಂಡದ ದೊಡ್ಡ ಕೆಲಸ.

ನೀರಿನ ಲೆಕ್ಕ: ದೇಹದಲ್ಲಿ ನೀರು ಕಡಿಮೆಯಾದಾಗ ಪಿಟ್ಯುಟರಿ ಗ್ರಂಥಿ ಎಡಿಎಚ್ ಹಾರ್ಮೋನನ್ನು ಬಿಡುತ್ತದೆ. ನಳಿಕೆಗಳು ಹೆಚ್ಚು ನೀರು ಹೀರಿ, ಮೂತ್ರ ಕಡಿಮೆಯೂ ಗಾಢ ಹಳದಿಯೂ ಆಗುತ್ತದೆ. ರಕ್ತದೊತ್ತಡ ಕಾಯುವ ರೆನಿನ್ ಮತ್ತು ಕೆಂಪು ರಕ್ತಕಣಗಳ ಉತ್ಪತ್ತಿಗೆ ಬೇಕಾದ ಎರಿಥ್ರೊಪೊಯೆಟಿನ್ ಮೂತ್ರಪಿಂಡದಲ್ಲೇ ತಯಾರಾಗುತ್ತವೆ. ಡಿ ಜೀವಸತ್ವ ಸಕ್ರಿಯ ರೂಪ ಪಡೆಯುವುದೂ ಮುಖ್ಯವಾಗಿ ಇಲ್ಲಿಯೇ.

ದಾವಣಗೆರೆ ಪರಿಸರದಲ್ಲಿ: ಆನಗೋಡು ಸೀಮೆಯ ಮೆಕ್ಕೆಜೋಳದ ಹೊಲದಲ್ಲಾಗಲಿ, ಹರಿಹರದ ಕಡೆಯ ನಾಲೆ ನೀರಿನ ಗದ್ದೆಯಲ್ಲಾಗಲಿ, ಬಿಸಿಲಲ್ಲಿ ದುಡಿಯುವವರ ನೀರು ಬೆವರಾಗಿ ಹೋಗುತ್ತದೆ. ಅಷ್ಟು ನೀರು ಕುಡಿಯದಿದ್ದರೆ ಮೂತ್ರ ಮಂದವಾಗಿ, ಕ್ಯಾಲ್ಸಿಯಂ ಆಕ್ಸಲೇಟ್‌ನಂಥ ಲವಣಗಳು ಹರಳುಗಟ್ಟಿ ಕಲ್ಲಾಗುವ ಸಂಭವ ಹೆಚ್ಚು. ಕಲ್ಲು ಮೂತ್ರನಾಳಕ್ಕೆ ಇಳಿದಾಗ ಪಕ್ಕೆಯಿಂದ ತೊಡೆಸಂದಿನವರೆಗೆ ತೀವ್ರ ನೋವು ಬರುತ್ತದೆ. ಜಗಳೂರು ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿಲ್ಲದಾಗ 1.5 ಮಿಲಿಗ್ರಾಂವರೆಗೆ ಮಿತಿ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ದಾರಿ ಮೂತ್ರಪಿಂಡವೇ. ಅದು ಸೋತರೆ ಫ್ಲೋರೈಡ್ ಮೂಳೆಗಳಲ್ಲಿ ಇನ್ನಷ್ಟು ಶೇಖರವಾಗುತ್ತದೆ.

ರೋಗ ಮತ್ತು ಚಿಕಿತ್ಸೆ: ದೀರ್ಘಕಾಲದ ಮೂತ್ರಪಿಂಡ ರೋಗಕ್ಕೆ ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ ಮುಖ್ಯ ಕಾರಣಗಳು. ವೈದ್ಯರ ಸಲಹೆಯಿಲ್ಲದೆ ದಿನವೂ ನುಂಗುವ ನೋವಿನ ಮಾತ್ರೆಗಳೂ ಹಾನಿಕರ. ಮೂತ್ರಪಿಂಡಗಳು ಪೂರ್ತಿ ಕೆಟ್ಟಾಗ ಉಳಿಯುವ ಮುಖ್ಯ ದಾರಿಗಳು ಡಯಾಲಿಸಿಸ್ ಮತ್ತು ಕಸಿ. ಯಂತ್ರದ ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಇದನ್ನು ಉಚಿತವಾಗಿ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಅಂಗಾಂಗ ಕಸಿಯನ್ನು 1994ರ ಕೇಂದ್ರ ಕಾಯಿದೆ ನಿಯಂತ್ರಿಸುತ್ತದೆ. ಮೃತ ದಾನಿಗಳ ಅಂಗಗಳ ಹಂಚಿಕೆ ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಸಂಸ್ಥೆಯ ಮೂಲಕ ನಡೆಯುತ್ತದೆ. ಆರಂಭದ ಹಂತದಲ್ಲಿ ಮೂತ್ರಪಿಂಡ ರೋಗಕ್ಕೆ ಸಾಮಾನ್ಯವಾಗಿ ನೋವಿಲ್ಲ. ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಗಳಿಂದಲೇ ಅದು ಪತ್ತೆಯಾಗುತ್ತದೆ.