ಜಗದ್ಗುರು ಬಾದಶಹನ ಚಿತ್ರಪಟ

ಕೌಜಲಗಿ ಸೀಮೆಯಲ್ಲಿ ಬೆಳೆದವರಿಗೆ ಶ್ರೀಕೃಷ್ಣ ಪಾರಿಜಾತದ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೌಜಲಗಿ ನಿಂಗಮ್ಮನ ಹೆಸರು ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಪಾರಿಜಾತವನ್ನು ಬೆಳೆಸಿದ ತಮ್ಮಣ್ಣನ ಕುಲಗೋಡವೂ ಇಲ್ಲೇ ಸಮೀಪ. ಕಂಬಳಿ ಹೊದ್ದು ಬೆಳತನಕ ಆಟ ನೋಡಿದವರಲ್ಲಿ ನಮ್ಮ ಮನೆಗಳವರೂ ಇದ್ದರು. ಮೊಹರಂನಲ್ಲಿ ರಿವಾಯತ್ ಪದ ಹಾಡಿದವರಲ್ಲಿ ನೆರೆಯ ಹಿಂದೂಗಳೂ ಇದ್ದರು. ಹೀಗಿದ್ದರೂ ಈಚೆಗೆ ಜುಮಾ ನಮಾಜು ಮುಗಿದ ಮೇಲೆ ಕಾಲೇಜು ಓದುವ ಹುಡುಗನೊಬ್ಬ ಮೊಬೈಲಿನಲ್ಲಿ ಚಿತ್ರವೊಂದನ್ನು ತೋರಿಸಿ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಚಾಚಾ, ಬಿಜಾಪುರದ ಸುಲ್ತಾನ ಸರಸ್ವತಿ ಚಿತ್ರ ಬರೆಸಿದ್ದನಂತ. ಹಂಗಾದ್ರ ಅಂವ ಮುಸಲ್ಮಾನ ಹೌದೋ ಅಲ್ಲೋ?"

ಚಿತ್ರ ನಿಜವಾದದ್ದೇ. ಸುಮಾರು 1604ರಲ್ಲಿ ಬಿಜಾಪುರದ ಆಸ್ಥಾನದಲ್ಲಿ ಫರ್ರೂಖ್ ಹುಸೇನ್ ಎಂಬ ಚಿತ್ರಕಾರ ಬರೆದದ್ದು. ಬಂಗಾರದ ಸಿಂಹಾಸನದ ಮೇಲೆ ಬಿಳಿ ಉಡುಪಿನ ಸರಸ್ವತಿ, ಕೈಯಲ್ಲಿ ವೀಣೆ, ಜೊತೆಗೆ ನವಿಲು. ಇಬ್ರಾಹಿಂ ಆದಿಲ್ ಶಾಹನಿಗೆ ಗಣಪತಿಯೇ ತಂದೆ, ಸರಸ್ವತಿಯೇ ತಾಯಿ ಎಂಬರ್ಥದ ಬರಹ ಪಾರಸಿ ಲಿಪಿಯಲ್ಲಿದೆ. ಪರ್ಷಿಯಾದಿಂದ ಬಂದು ಅಕ್ಬರನ ಬಳಿ ಕೆಲಸ ಮಾಡಿ, ಬಿಜಾಪುರಕ್ಕೆ ಬಂದ ಫರ್ರೂಖ್ ಬೇಗ್ ಎಂಬಾತನೇ ಈತ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಇರಾನಿನ ಕುಂಚಕ್ಕೆ ದಖನಿನ ದೇವತೆ ಒಲಿದ ಬಗೆಯಿದು.

ಬರೆಸಿದಾತ ಎರಡನೆಯ ಇಬ್ರಾಹಿಂ ಆದಿಲ್ ಶಾಹ. 1580ರಲ್ಲಿ, ಒಂಬತ್ತು ವರ್ಷದ ಹುಡುಗನಿದ್ದಾಗ ಪಟ್ಟಕ್ಕೆ ಬಂದು 1627ರವರೆಗೆ ಆಳಿದ. ನಮ್ಮ ಗೋಕಾಕ, ಬೆಳಗಾವಿ ಕಡೆಯೂ ಅವನ ರಾಜ್ಯಕ್ಕೇ ಸೇರಿತ್ತು. ಅವನ ದೊಡ್ಡಪ್ಪನ ಕಾಲದಲ್ಲಿ ಶಿಯಾ ಪದ್ಧತಿಯಂತೆ ಓದಲಾಗುತ್ತಿದ್ದ ಖುತ್ಬಾ, ಹುಡುಗನ ಪರವಾಗಿ ಆಡಳಿತ ಹಿಡಿದ ದಿಲಾವರ್ ಖಾನನ ಕೈಯಲ್ಲಿ ಮತ್ತೆ ಸುನ್ನೀ ಪದ್ಧತಿಗೆ ಬಂತು. ಅಂದರೆ ಇಬ್ರಾಹಿಂ ಬೆಳೆದ ಅರಮನೆಯಲ್ಲಿ ದೀನಿನ ಚರ್ಚೆಗೆ ಕೊರತೆ ಇರಲಿಲ್ಲ.

ಆದರೆ ಅವನ ಜೀವ ಇದ್ದದ್ದು ಸಂಗೀತದಲ್ಲಿ. 'ಕಿತಾಬೆ ನೌರಸ್' ಎಂಬ ಅವನ ದಖನಿ ಕೃತಿಯಲ್ಲಿ 59 ಹಾಡು, 17 ದೋಹೆಗಳಿವೆ; ಹಾಡುಗಳಿಗೆಲ್ಲ ರಾಗ ಹೆಸರಿಸಿದೆ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯಿದೆ. ಪ್ರವಾದಿಯವರ (ಸ) ಸ್ಮರಣೆಯಿದೆ. ಕಲಬುರಗಿಯ ಖಾಜಾ ಬಂದೇ ನವಾಜರ ಗುಣಗಾನವಿದೆ. ಅವನ ತಂಬೂರಿ 'ಮೋತಿಖಾನ್', ಅವನ ಆನೆ 'ಆತಶ್ ಖಾನ್' ಕೂಡ ಇವೆ! ನೌರಸ್ ಎಂದರೆ ನವರಸ. ಆ ಶಬ್ದದ ಹುಚ್ಚು ಎಷ್ಟೆಂದರೆ 1599ರಲ್ಲಿ ಕಟ್ಟಲು ತೊಡಗಿದ ಊರಿಗೆ ನೌರಸಪುರ ಎಂದು ಹೆಸರು, ನಾಣ್ಯಕ್ಕೂ ಅದೇ, ಹಬ್ಬಕ್ಕೂ ಅದೇ. ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್, ಸುಲ್ತಾನ ಹಾಡು ಕೇಳುವುದರಲ್ಲಿ ಮುಳುಗಿ ತನ್ನ ಮಾತಿಗೆ ಉತ್ತರ ಕೊಡುವುದೂ ಕಷ್ಟವಾಗಿತ್ತೆಂದು ಬರೆದಿದ್ದಾನೆ. ಜನ ಅವನನ್ನು ಜಗದ್ಗುರು ಎಂದು ಕರೆದರು.

ಆ ಕಾಲದ ದಖನಿನಲ್ಲಿ ರಾಗವನ್ನು ಕಿವಿಯಿಂದ ಕೇಳುವುದಷ್ಟೇ ಅಲ್ಲ, ಕಣ್ಣಿಂದ ನೋಡುವ ರೂಢಿಯೂ ಇತ್ತು. ಅಂಥ ಚಿತ್ರಗಳ ಸರಣಿಗೆ ರಾಗಮಾಲಾ ಎನ್ನುತ್ತಾರೆ. ಹಿಂದೋಳವೆಂದರೆ ಉಯ್ಯಾಲೆ, ತೋಡಿ ಎಂದರೆ ವೀಣೆ ಹಿಡಿದ ಹೆಣ್ಣು ಮತ್ತು ಅವಳ ಸುತ್ತ ಜಿಂಕೆಗಳು, ಭೈರವವೆಂದರೆ ಶಿವ. ಕಾಗದವನ್ನು ನುಣ್ಣಗೆ ಉಜ್ಜಿ, ಅಳಿಲು ಕೂದಲಿನ ಕುಂಚದಿಂದ, ಕಲ್ಲು ಅರೆದ ಬಣ್ಣ ಮತ್ತು ಬಂಗಾರದಿಂದ ಬರೆಯುತ್ತಿದ್ದರು. ಅಂಗೈಗಿಂತ ಸ್ವಲ್ಪ ದೊಡ್ಡ ಕಾಗದದಲ್ಲಿ ಇಷ್ಟೆಲ್ಲ. ಸರಸ್ವತಿಯ ಚಿತ್ರವನ್ನೂ ಈ ಬಳಗದಲ್ಲಿಟ್ಟು ನೋಡಬೇಕು. ಅವಳು ವೀಣೆಯ ಒಡತಿ. ಹಾಡುಗಾರ ಸುಲ್ತಾನ ಅವಳನ್ನು ತಾಯಿ ಎಂದದ್ದು ವಿದ್ಯೆಯ ತಾಯಿ ಎಂದು. ನಮಗೆ ಹಾಗನಿಸುತ್ತದೆ.

ಎಲ್ಲರಿಗೂ ಹಾಗನಿಸುವುದಿಲ್ಲ, ಅದೂ ಗೊತ್ತು. ಇಂಥ ಮಾತು ತೌಹೀದಿಗೆ ಒಪ್ಪುವಂಥದ್ದಲ್ಲ ಎನ್ನುವವರ ಕಳವಳವನ್ನು ನಾವು ತಳ್ಳಿಹಾಕುವುದಿಲ್ಲ. ಚಿತ್ರ, ಸಂಗೀತಗಳ ವಿಧಿ ನಿಷೇಧ ಉಲಮಾಗಳ ವಿಷಯ. ಆದರೆ ನಾಲ್ಕು ನೂರು ವರ್ಷದ ಹಿಂದೆ ತೀರಿಹೋದವನ ಈಮಾನ್ ಅಳೆಯುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಅದೇ ಸುಲ್ತಾನ ಮಲಗಿರುವ ಇಬ್ರಾಹಿಂ ರೋಜಾದ ಗೋಡೆಗಳ ಮೇಲೆ ಕುರ್‌ಆನ್ ಆಯತ್‌ಗಳನ್ನು ಕೆತ್ತಿದ್ದಾರೆ. ಕಿಟಕಿಗಳ ಕಲ್ಲನ್ನೇ ಅಕ್ಷರವಾಗಿ ಕೊರೆದು ಬೆಳಕು ಒಳಗೆ ಬರುವಂತೆ ಮಾಡಿದ್ದಾರೆ.

ಅವನನ್ನು ತೋರಿಸಿ 'ನೋಡಿ, ನಾವೂ ಒಳ್ಳೆಯವರು' ಎಂದು ಸರ್ಟಿಫಿಕೇಟು ಪಡೆಯುವುದೂ ನಮಗೆ ಸರಿಕಾಣದು. ಅವನು ರಾಜ. ಬೆಳಗಾವಿ ಕೋಟೆಯಲ್ಲಿ ಸೆರೆಯಲ್ಲಿದ್ದ ಸ್ವಂತ ತಮ್ಮ ಇಸ್ಮಾಯಿಲ್ ಬಂಡೆದ್ದಾಗ ಹಿಡಿದು ಕೊಲ್ಲಿಸಿದ. 1619ರಲ್ಲಿ ಬೀದರನ್ನು ನುಂಗಿದ. ಹುಡುಗನಿಗೆ ಇದನ್ನೂ ಹೇಳಿದೆವು. ಅವನು ಸುಮ್ಮನೆ ಕೇಳಿದ, ಆಮೇಲೆ, "ಆ ಚಿತ್ರ ಬಿಜಾಪುರದಾಗ ನೋಡಾಕ ಸಿಗತೈತೇನು?" ಎಂದ.

ಸಿಗುವುದಿಲ್ಲ. 1624ರಲ್ಲಿ ಮಲಿಕ್ ಅಂಬರ್ ನೌರಸಪುರವನ್ನು ಹಾಳುಗೆಡವಿದ. 1686ರಲ್ಲಿ ಔರಂಗಜೇಬನ ಸೈನ್ಯ ಬಿಜಾಪುರವನ್ನು ಗೆದ್ದಿತು. ಆ ಸೈನ್ಯದ ಜೊತೆ ದಖನಿಗೆ ಬಂದಿದ್ದ ಬಿಕಾನೇರದ ರಜಪೂತ ಅರಸರ ಸಂಗ್ರಹಕ್ಕೆ ಎಷ್ಟೋ ದಖನಿ ಚಿತ್ರಗಳು ಸೇರಿದವು. ಸರಸ್ವತಿಯ ಚಿತ್ರ ಜೈಪುರದ ಅರಮನೆಯಲ್ಲಿತ್ತು. ಇಬ್ರಾಹಿಂ ತಂಬೂರಿ ನುಡಿಸುತ್ತಿರುವ ಇನ್ನೊಂದು ಚಿತ್ರ ದೂರದ ಯುರೋಪಿನ ಪ್ರಾಗ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಪಾಲಿಗೆ ಉಳಿದದ್ದು ರೋಜಾ. ರಜೆಯಲ್ಲಿ ಹುಡುಗರನ್ನು ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇವೆ. ಬೆಳಗಿನ ಬಸ್ಸು ಹಿಡಿದರೆ ಬಿಸಿಲು ಕಿಟಕಿಯ ಅಕ್ಷರಗಳ ಮೇಲೆ ಇರುವಾಗಲೇ ತಲುಪಬಹುದು.