ಲೆಕ್ಕಕ್ಕಿಲ್ಲದವನ ಲೆಕ್ಕ

ಭದ್ರಾವತಿಯ ನ್ಯೂಟೌನಿನಲ್ಲಿ, ಕಾರ್ಖಾನೆಯ ಹಳೆಯ ಕ್ವಾರ್ಟರ್ಸುಗಳ ನಡುವಣ ಬಯಲೊಂದರಲ್ಲಿ ಲಗೋರಿಯಾಡುತ್ತಿದ್ದ ಹುಡುಗರ ಬಳಿಗೆ, ಇನ್ನೂ ಐದು ತುಂಬಿರಲಾರದ ಮಗನ ಕೈಹಿಡಿದು ಬಂದ ತಾಯಿಯೊಬ್ಬರು “ಇವನ್ನೂ ಸೇರಿಸ್ಕೊಳ್ರೋ” ಎಂದು ಕೇಳಿಕೊಂಡಾಗ, ಗುಂಪಿನ ನಾಯಕನಂತಿದ್ದ ಹುಡುಗನು “ಬರ್ಲಿ ಆಂಟಿ, ಎಕ್ಸ್‌ಟ್ರಾ ಇರ್ತಾನೆ, ಕೌಂಟ್ ಮಾಡಲ್ಲ ಅಷ್ಟೆ” ಎಂದು ತೀರ್ಪಿತ್ತನು. ತೀರ್ಪು ಧರ್ಮಸಮ್ಮತವಾಗಿಯೇ ಇದ್ದಿತು. ತಾಯಿಗೂ ಸಮ್ಮತ, ಮಗನಿಗೂ ಸಂತೋಷ. ಅಸಂತುಷ್ಟನಾದವನು ದಾರಿಹೋಕನಾದ ನಾನೊಬ್ಬನೇ. ಇಂಥ ಸಂದರ್ಭಕ್ಕೆಂದೇ “ಆಟಕ್ಕುಂಟು, ಲೆಕ್ಕಕ್ಕಿಲ್ಲ” ಎಂಬ ಸಮತೂಕದ ಮಾತನ್ನು ಯಾವ ಭಾಷೆ ಕಡೆದಿಟ್ಟಿರುವುದೋ, ಆ ಭಾಷೆಯ ಮಕ್ಕಳ ಬಾಯಲ್ಲಿ ‘ಎಕ್ಸ್‌ಟ್ರಾ’ ಎಂಬ ಹೋಟೆಲಿನ ಚಟ್ನಿಯ ಶಬ್ದ ಬಂದು ಕುಳಿತಿತಲ್ಲ ಎಂಬುದು ನನ್ನ ತಕರಾರು.

ಲಗೋರಿಯ ಉಳಿದ ವಿಧಿನಿಷೇಧಗಳೆಲ್ಲ ಶಾಲೆಯಿಂದ ಶಾಲೆಗೆ, ಓಣಿಯಿಂದ ಓಣಿಗೆ ಬೇರೆಯಾಗತಕ್ಕವು. ಒಂದೆಡೆ ಏಳು ಕಲ್ಲಾದರೆ ಮತ್ತೊಂದೆಡೆ ಐದು. ಒಂದು ಶಾಲೆಯಲ್ಲಿ ಸೊಂಟದ ಮೇಲೆ ಚೆಂಡು ತಗುಲಿದರೆ ಔಟಲ್ಲ, ಮಗ್ಗುಲ ಶಾಲೆಯಲ್ಲಿ ಬೆನ್ನಿಗೆ ಬಿದ್ದ ಏಟೇ ಪರಮಪ್ರಮಾಣ. ಗುರಿತಪ್ಪಿದ ಚೆಂಡು ಒಂದು ಪಿಚ್ ಬಿದ್ದು ಎದುರಾಳಿಯ ಕೈಸೇರಿದರೆ ಕೆಲವರಿಗೆ ಅದು ಔಟು, ಕೆಲವರಿಗೆ ಏನೂ ಅಲ್ಲ. ಹೊಳೆಯ ಸಮೀಪದವರು ಭದ್ರೆಯ ಚಪ್ಪಟೆ ಕಲ್ಲುಗಳನ್ನು ಆಯ್ದು ತಂದರೆ ದೂರದವರು ಒಡೆದ ಹೆಂಚಿನಲ್ಲಿ ತೃಪ್ತರಾಗುತ್ತಾರೆ. (ಕಬ್ಬಿಣದ ಊರಿನಲ್ಲಿ ಕಿಟ್ಟಕ್ಕೆ ಬರವಿಲ್ಲವಾದರೂ, ಒಂದರ ಮೇಲೊಂದು ನಿಲ್ಲಲೊಪ್ಪದ ಆ ಒರಟು ವಸ್ತು ಲಗೋರಿಗೆ ಒದಗದು.) ಶಾಲೆ ಬದಲಾಯಿಸಿದ ಹುಡುಗನು ಹೊಸ ಪಾಠಕ್ಕಿಂತ ಮೊದಲು ಈ ಹೊಸ ಕಾನೂನನ್ನು ಕಲಿಯಬೇಕು, ಕಲಿಯುವ ಮುನ್ನ ಜಗಳವಾಡಬೇಕು. ಇಂತಿರುವಲ್ಲಿ, ನಾನು ಕಂಡ ಬಯಲುಗಳಲ್ಲೆಲ್ಲ ಒಂದೇ ತೆರನಾಗಿದ್ದ ವಿಧಿಯೆಂದರೆ ಚಿಕ್ಕವನದು. ಅವನು ಓಡಬಹುದು, ಕೂಗಬಹುದು, ಚರಂಡಿಗೆ ಬಿದ್ದ ಚೆಂಡನ್ನು ತರುವ ಗೌರವಕ್ಕೂ ಪಾತ್ರನಾಗಬಹುದು. ಆದರೆ ಅವನಿಗೆ ಚೆಂಡು ತಗುಲಿದರೆ ಅವನು ಔಟಲ್ಲ, ಅವನೆಸೆದ ಚೆಂಡು ತಗುಲಿದರೆ ಇನ್ನೊಬ್ಬನೂ ಔಟಲ್ಲ.

ಇದೇ ಪದವಿಗೆ ನೆರೆಯ ಭಾಷೆಗಳು ಇಟ್ಟ ಹೆಸರುಗಳನ್ನು ನೋಡಬೇಕು. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಂದಿನಿಂದ, ಅನಂತರ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದಲೂ, ನಾನಾ ಸೀಮೆಯ ಜನ ಬಂದು ನೆಲೆಸಿದ ಭದ್ರಾವತಿಯಲ್ಲಿ ಇದನ್ನು ಅರಿಯಲು ದೇಶಾಟನೆ ಬೇಕಿಲ್ಲ. ಓಣಿ ದಾಟಿದರೆ ಸಾಕು. ತಮಿಳರು ಚಿಕ್ಕವನನ್ನು ‘ಉಪ್ಪುಕ್ಕುಚ್ ಚಪ್ಪಾಣಿ’ ಎಂದು ಉಪ್ಪಿಗೆ ತಳುಕುಹಾಕುತ್ತಾರೆ. ತೆಲುಗರಿಗೆ ಅವನು ‘ಆಟಲೋ ಅರಟಿಪಂಡು’, ಅಂದರೆ ಆಟದೊಳಗಿನ ಬಾಳೆಹಣ್ಣು. ಮರಾಠಿಗರಿಗೆ ‘ಲಿಂಬೂಟಿಂಬೂ’, ಹಿಂದಿಯವರಿಗೆ ‘ಕಚ್ಚಾ ನಿಂಬೂ’, ಇನ್ನೂ ಬಲಿಯದ ನಿಂಬೆ. ನೆರೆಹೊರೆಯವರೆಲ್ಲ ಮಗುವನ್ನು ಹೀಗೆ ಅಡುಗೆಮನೆಗೆ ಕಳುಹಿಸಿರುವಾಗ ಕನ್ನಡವು ಅದನ್ನು ಕರೆದು ಕಚೇರಿಯಲ್ಲಿ ಕೂರಿಸಿತು! ಹಣ್ಣಿಲ್ಲ, ಉಪ್ಪಿಲ್ಲ, ಉಪಮಾನವೇ ಇಲ್ಲ. ಹಕ್ಕು ಇಷ್ಟು, ಮಿತಿ ಇಷ್ಟು ಎಂದು ಶಾಸನದ ಗಾಂಭೀರ್ಯದಿಂದ ನುಡಿದ ಎರಡು ಮಾತು.

ಲೆಕ್ಕ ಎಂಬ ಶಬ್ದದ ಮೂಲವನ್ನು ನಿಘಂಟು ತೆರೆದವರು ತಾವೇ ಕಾಣಬಹುದಾದ್ದರಿಂದ ಆ ಗೋಜಿಗೆ ನಾನು ಹೋಗೆನು. ನನ್ನ ಕುತೂಹಲವಿರುವುದು ಗಾದೆಯ ಹುಟ್ಟೂರಿನಲ್ಲಿ. ಲೆಕ್ಕವೆಂಬ ಮಾತು ಕಿವಿಗೆ ಬಿದ್ದೊಡನೆ ಶಾನುಭೋಗನ ಕಡತವನ್ನು ನೆನೆಯುವವರು ಇದನ್ನು ಚಾವಡಿಯ ಗಾದೆಯೆಂದಾರು. ನಾನು ಒಪ್ಪೆನು. ಚಾವಡಿಯಲ್ಲಿ ಹುಟ್ಟಿದ ಮಾತಾಗಿದ್ದರೆ ‘ಲೆಕ್ಕಕ್ಕಿಲ್ಲ’ ಎಂಬುದು ಮೊದಲು ಬರುತ್ತಿತ್ತು. ಏಕೆಂದರೆ ಲೆಕ್ಕದಲ್ಲಿಲ್ಲದವನಿಗೆ ಅಲ್ಲಿ ಆಟವೂ ಇಲ್ಲ, ಜಗಲಿಯೂ ಇಲ್ಲ. ‘ಉಂಟು’ ಎಂದು ಮೊದಲು ಕೈಹಿಡಿದು, ‘ಇಲ್ಲ’ ಎಂಬುದನ್ನು ಆಮೇಲೆ ಮೆಲ್ಲಗೆ ಹೇಳುವ ಈ ಕ್ರಮವು, ತಮ್ಮನನ್ನು ಕಂಕುಳಲ್ಲಿ ಹೊತ್ತುಕೊಂಡೇ ಆಡಲು ಬಂದ ಅಕ್ಕನೊಬ್ಬಳಿಗಲ್ಲದೆ ಅನ್ಯರಿಗೆ ಹೊಳೆಯತಕ್ಕದ್ದಲ್ಲ. ಪಂಗಡ ಕಟ್ಟುವಾಗ ಈ ಕಡೆಗಿಷ್ಟು, ಆ ಕಡೆಗಿಷ್ಟು ಎಂದು ತಲೆಯೆಣಿಸಿ ಮುಗಿದ ಮೇಲೆ ನಡುವೆ ಉಳಿದು ಮುಖ ಚಿಕ್ಕದು ಮಾಡಿಕೊಂಡವನ ಸಲುವಾಗಿ ಇದು ಹುಟ್ಟಿತೆಂಬುದು ನನ್ನ ದೃಢವಿಶ್ವಾಸ. ಇನ್ನೂ ಮುಂದುವರಿದು, ಅದು ಘಟ್ಟದ ಕೆಳಗೆ ಹುಟ್ಟಿ ಆಗುಂಬೆ ಹತ್ತಿ ಮಲೆನಾಡಿಗೆ ಬಂದಿತೆಂದೂ ನಾನು ವಾದಿಸಬಲ್ಲೆ. ದಿನಬಳಕೆಯಲ್ಲಿ ‘ಉಂಟು’ ಎಂಬುದನ್ನು ಇಂದಿಗೂ ಬಿಡದೆ ಉಳಿಸಿಕೊಂಡವರು ಕರಾವಳಿಯವರಲ್ಲವೆ? ಆ ರೂಪ ಒಂದಾನೊಂದು ಕಾಲಕ್ಕೆ ಕನ್ನಡನಾಡೆಲ್ಲ ವ್ಯಾಪಿಸಿತ್ತೆಂದು ಪಂಡಿತರು ಆಕ್ಷೇಪಿಸುವರು. ಆಕ್ಷೇಪಿಸಲಿ. ‘ಐತೆ’ ಎನ್ನುವ ಬಯಲುಸೀಮೆಯ ಬಾಯಲ್ಲಿ ಈ ಗಾದೆಯನ್ನು ಒಮ್ಮೆ ಆಡಿಸಿ ನೋಡಿದರೆ ಅದರ ಲಯವೇ ಸಾಕ್ಷಿ ನುಡಿದೀತು.

ಈ ಮಾತನ್ನು ಮನಸ್ಸಿನಲ್ಲಿ ಮಗುಚಿಹಾಕುತ್ತ ಹೋದಂತೆ, ಇದರ ಪರಮೋದಾಹರಣೆ ಯಾರೆಂಬುದು ನನಗೆ ಹೊಳೆದದ್ದು ಉದ್ಯೋಗಪರ್ವದ ಸ್ಮರಣೆಯಿಂದ. ಯುದ್ಧಕ್ಕೆ ಸಹಾಯ ಬೇಡಲೆಂದು ದ್ವಾರಕೆಗೆ ಹೋದ ಅರ್ಜುನ ದುರ್ಯೋಧನರ ಮುಂದೆ ಕೃಷ್ಣನು ಇಟ್ಟ ಆಯ್ಕೆ ಯಾವುದು? ಒಂದೆಡೆ ನಾರಾಯಣರೆಂಬ ಗೋಪವೀರರ ಮಹಾಸೈನ್ಯ. ಇನ್ನೊಂದೆಡೆ ಆಯುಧ ಹಿಡಿಯೆನು, ಯುದ್ಧ ಮಾಡೆನು ಎಂದ ತಾನೊಬ್ಬ. ಆಟಕ್ಕುಂಟು, ಲೆಕ್ಕಕ್ಕಿಲ್ಲ! ದುರ್ಯೋಧನನು ಲೆಕ್ಕದಲ್ಲಿ ಗಟ್ಟಿಗ. ತಲೆಗಳನ್ನೆಣಿಸಿ ಸೈನ್ಯ ದೊರಕಿತೆಂದು ಹಿಗ್ಗಿದನು. ಅರ್ಜುನನು ಲೆಕ್ಕಕ್ಕಿಲ್ಲದವನನ್ನು ಆಟಕ್ಕೆ ಸೇರಿಸಿಕೊಂಡನು. ಆ ಲೆಕ್ಕಕ್ಕಿಲ್ಲದವನು ಮುಂದೆ ಭೀಷ್ಮನ ಬಾಣಗಳ ಮಳೆಯಲ್ಲಿ ಕೊಟ್ಟ ಮಾತು ಮರೆತು ರಥದಿಂದ ಧುಮುಕಿ ಓಡಿದಾಗ, ಅರ್ಜುನನು ಹಿಂದಿನಿಂದ ಬಂದು ಕಾಲುಹಿಡಿದು ನಿಲ್ಲಿಸಿ ಮಾತು ನೆನಪಿಸಬೇಕಾಯಿತು. ನ್ಯೂಟೌನಿನ ಬಯಲಿನಲ್ಲಿ ಚಿಕ್ಕವರು ಮಾಡುವುದೂ ಇದನ್ನೇ: ಆಟ ಬಿಸಿಯೇರಿದಾಗ ತಾವು ಲೆಕ್ಕಕ್ಕಿಲ್ಲವೆಂಬುದನ್ನು ಮರೆತು ಚೆಂಡು ಕಸಿದುಕೊಂಡು ಓಡುತ್ತಾರೆ, ದೊಡ್ಡವನೊಬ್ಬನು ಬೆನ್ನಟ್ಟಿ ಹಿಡಿಯುತ್ತಾನೆ. ವ್ಯಾಸರು ಇದನ್ನು ಎಲ್ಲಿ ನೋಡಿ ಬರೆದರೋ ತಿಳಿಯದು. ಮಕ್ಕಳ ಆಟವನ್ನು ನೋಡದೆ ಬರೆದಿರಲಾರರು ಎಂಬಷ್ಟು ಮಾತ್ರ ನಾನು ಹೇಳುವೆನು.

ದೊಡ್ಡವರು ಈ ಮಾತನ್ನು ಮಕ್ಕಳಿಂದ ಎರವಲು ಪಡೆದು ಕೆಡಿಸಿದರು. ಮಕ್ಕಳಲ್ಲಿ ಅದು ರಕ್ಷಾಕವಚ. ಏಟು ತಗುಲಿದರೂ ಔಟಾಗದಿರುವ ವರ. ದೊಡ್ಡವರ ಬಾಯಲ್ಲಿ ಅದು ಬೈಗುಳ. ಸಹಿಯಧಿಕಾರವಿಲ್ಲದ ಉಪಾಧ್ಯಕ್ಷ, ಮದುವೆಯ ಮಾತುಕತೆಯಲ್ಲಿ ಕುರ್ಚಿ ದೊರೆತು ಮಾತು ದೊರೆಯದ ಸೋದರಮಾವ, ಇವರನ್ನು ಹಂಗಿಸಲು ಇಂದು ಅದರ ಬಳಕೆ. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಸುದ್ದಿ ಹರಡಿ ಊರೆಲ್ಲ ತಳಮಳಿಸುತ್ತಿದ್ದಾಗ, ಗುತ್ತಿಗೆಯ ದುಡಿಮೆಗಾರನೊಬ್ಬನು ಚಹದಂಗಡಿಯ ಮುಂದೆ “ನಾವು ಆಟಕ್ಕುಂಟು ಲೆಕ್ಕಕ್ಕಿಲ್ಲ ಬಿಡಿ ಸಾರ್” ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಲ್ಲಿ ಗಾದೆಯ ಅರ್ಧ ಮಾತ್ರ ಸತ್ಯವಾಗಿತ್ತು. ಏಟು ಅವನಿಗೆ ತಗುಲಿತ್ತು, ಔಟೂ ಅವನೇ ಆಗುವವನಿದ್ದನು.

ಶಾಲೆಗಳಾದರೂ ಮೂಲದ ಅರ್ಥವನ್ನು ಕಾದುಕೊಂಡಾವೆಂದು ನಾನು ಆಶಿಸಿದ್ದುಂಟು. ಈಚೆಗೆ ಒಂದು ಶಾಲೆಯ ಕ್ರೀಡೋತ್ಸವದಲ್ಲಿ ಕಲ್ಲುಗಳ ಬದಲು ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳನ್ನಿರಿಸಿ, ಸೀಟಿಯೂದುವ ತೀರ್ಪುಗಾರನನ್ನು ನಿಲ್ಲಿಸಿ ಲಗೋರಿಯಾಡಿಸಿದರು. ಪ್ರತಿಪಂಗಡಕ್ಕೂ ನಿಶ್ಚಿತ ಸಂಖ್ಯೆ. ಹೆಚ್ಚಿನವನು ಬೆಂಚಿನ ಮೇಲೆ. ಕೊನೆಯಲ್ಲಿ, ಆಟಕ್ಕೆ ಇಳಿಯದೆ ಬೆಂಚು ಕಾಯ್ದವರಿಗೂ ಭಾಗವಹಿಸಿದ್ದಕ್ಕಾಗಿ ಒಂದೊಂದು ಪ್ರಶಸ್ತಿಪತ್ರವನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿ ಹಂಚಿದರು. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಪ್ರತಿಯೊಂದರ ಬಲತುದಿಯಲ್ಲಿ ಕ್ರಮಸಂಖ್ಯೆಯನ್ನೂ ನಮೂದಿಸಿದ್ದರು.